ತುಟಿಗುರುತಿಲ್ಲದ ಲೋಟ

ಲೋಟವನ್ನು ಬೆಳಕಿಗೆ ಹಿಡಿದರೆ ಸಾಕು, ಅದಕ್ಕೆ ಯಾರಾದರೂ ಬಾಯಿ ಇಟ್ಟಿದ್ದಾರೋ ಇಲ್ಲವೋ ನಾನು ಹೇಳಬಲ್ಲೆ. ಬಾಯಿ ತಾಗಿದ ಕಡೆ ಗಾಜು ಮಂಕಾಗುತ್ತದೆ. ಲಿಪ್‌ಸ್ಟಿಕ್ ಹಚ್ಚದವರ ತುಟಿಯೂ ಗುರುತು ಬಿಡುತ್ತದೆ, ತೆಳ್ಳನೆಯ ಎಣ್ಣೆಯ ಪೊರೆಯಂಥದ್ದು. ಪಾರ್ಟಿ ಹಾಲ್‌ನ ಹಿಂದುಗಡೆ, ಲೋಟ ತೊಳೆಯುವ ಕೋಣೆಯಲ್ಲಿ ಹನ್ನೊಂದು ವರ್ಷ ನಿಂತು ಕಲಿತ ವಿದ್ಯೆ ಇದು. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಆದರೆ ನನ್ನ ಕಣ್ಣು ತಪ್ಪಿದ್ದೂ ಇರಲಿಲ್ಲ.

ಯಾರೂ ಬಾಯಿ ಇಡದ ಲೋಟಗಳು ದಿನಕ್ಕೆ ಹತ್ತಾದರೂ ಒಳಗೆ ಬರುತ್ತವೆ. ಕಂಪನಿಗಳ ಊಟದಲ್ಲಿ ಜನ ಜ್ಯೂಸ್ ಎತ್ತಿಕೊಳ್ಳುವುದು ಬಾಯಾರಿಕೆಗಲ್ಲ, ಕೈ ಖಾಲಿ ಕಾಣಬಾರದು ಅಂತ. ಮಾತು ಮುಗಿದರೆ ಇದ್ದಲ್ಲೇ ಇಟ್ಟು ಹೋಗುತ್ತಾರೆ. ನಮ್ಮಲ್ಲಿ ಉಳಿದದ್ದೆಲ್ಲ ಬಕೆಟ್ಟಿಗೆ, ಬಕೆಟ್ಟಿನದು ಮೋರಿಗೆ. ಒಂದು ತೊಟ್ಟೂ ಗೇಟು ದಾಟಬಾರದು, ದಾಟಿಸಿದವರಿಗೆ ಮರುದಿನದಿಂದ ಕೆಲಸವಿಲ್ಲ. ಹಾಗಂತ ಬಾಗಿಲ ಮೇಲೆ ಬರೆದು ಅಂಟಿಸಿದ್ದಾರೆ. ಆ ಬರಹದ ಕೆಳಗೇ ನಿಂತು ನಾನು ಬಾಯಿ ಇಡದ ಲೋಟಗಳನ್ನು ಒಂದು ಬಾಟಲಿಗೆ ಸುರಿದುಕೊಳ್ಳುತ್ತಿದ್ದೆ. ಅದನ್ನು ಕಳ್ಳತನ ಅಂತ ಕರೆದಿರಲಿಲ್ಲ. ಏನಂತ ಕರೆದಿದ್ದೆ ಎಂದು ಕೇಳಿದರೆ, ಅದಕ್ಕೆ ಹೆಸರೇ ಇಟ್ಟಿರಲಿಲ್ಲ. ಮನೆಯಲ್ಲಿ ಮಕ್ಕಳಿಗೆ ಮಾತ್ರ "ಅಂಗಡಿಯಿಂದ ತಂದೆ" ಅನ್ನುತ್ತಿದ್ದೆ.

ಆ ಶುಕ್ರವಾರ ಮಧ್ಯಾಹ್ನ ಒಂದು ಕೊರಿಯರ್ ಕಂಪನಿಯ ವಾರ್ಷಿಕ ಊಟವಿತ್ತು. ನೂರಿಪ್ಪತ್ತು ಜನ. ಒಂದು ಮೂಲೆಯಲ್ಲಿ ಮದ್ಯದ ಕೌಂಟರು, ಇನ್ನೊಂದು ಮೂಲೆಯಲ್ಲಿ ಜ್ಯೂಸು. ಎರಡೂವರೆ ಹೊತ್ತಿಗೆ ಉದ್ದಣ್ಣ ದೊಡ್ಡ ಟ್ರೇ ಹೊತ್ತುಕೊಂಡು ಒಳಗೆ ಬಂದ. ಬಡಿಸುವವರಿಗೆಲ್ಲ ಅವನೇ ಮುಂದಾಳು, ನನ್ನ ಬಾಟಲಿಯ ವಿಷಯ ಗೊತ್ತಿದ್ದವನೂ ಅವನೊಬ್ಬನೇ. ನಮ್ಮ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸದೆ ಅವನಿಗೆ ಬರಲಾಗದು, ಹಾಗಾಗಿ ಆ ಹೆಸರು.

"ತಗೋ ಅಕ್ಕ, ಕಂಬದ ಪಕ್ಕದ ಟೇಬಲ್ಲು. ಅರ್ಧಕ್ಕರ್ಧ ಹಾಗೇ ಬಿಟ್ಟವ್ರೆ. ಬೇಡದೇ ಇದ್ರೆ ಯಾಕೆ ತಗೋತಾರೋ."

"ನಿನ್ನ ಗಂಟೇನು ಹೋಗ್ತದೆ? ಇಡು ಇಲ್ಲಿ."

"ಅಲ್ಲೊಂದು ತಮಾಷೆ ಆಯ್ತು ಗೊತ್ತಾ? ಒಂದು ಹುಡುಗಿ ನಿಂತಲ್ಲೇ ತೂರಾಡ್ತಿದ್ಲು. ನಡುಮಧ್ಯಾಹ್ನ! ಅವರ ಸಾಹೇಬರೇ ತೋಳು ಹಿಡ್ಕೊಂಡು ಹೊರಗೆ ಕರ್ಕೊಂಡು ಹೋದ್ರು, ಮನೆಗೆ ಬಿಡ್ತೀನಿ ಅಂತ."

"ಬಿಟ್ಟಿ ಸಿಕ್ರೆ ಹಾಗೇ" ಎಂದು ನಾನು ನಕ್ಕೆ. ಕೈ ಸೋಪಿನ ನೀರಿನಲ್ಲಿತ್ತು. ನಕ್ಕಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಆ ಟ್ರೇಯಲ್ಲಿ ಕಿತ್ತಳೆ ರಸದ ಮೂರು ಲೋಟ ತುಂಬಿದಂತಿದ್ದವು. ಎರಡು ಅಂಚಿನವರೆಗೆ, ಒಂದು ಬೆರಳಗಲ ಕಡಿಮೆ. ಆ ಕಡಿಮೆ ಇದ್ದದ್ದನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದೆ. ಗಾಜು ಶುದ್ಧವಾಗಿತ್ತು, ಎಲ್ಲೂ ತುಟಿಯ ಗುರುತಿಲ್ಲ. ಸುರಿಯುವಾಗಲೇ ಕಡಿಮೆ ಸುರಿದಿರಬೇಕು ಅಂದುಕೊಂಡು ಮೂರನ್ನೂ ಬಾಟಲಿಗೆ ಹಾಕಿದೆ. ಲೋಟಗಳನ್ನು ತೊಳೆದು ಬೋರಲು ಹಾಕಿದೆ.

ಮಧ್ಯಾಹ್ನದ ಪಾಳಿಗೂ ಸಂಜೆಯ ಪಾಳಿಗೂ ನಡುವೆ ನನಗೆ ಒಂದು ಗಂಟೆ ಬಿಡುವು. ಮನೆ ಹತ್ತು ನಿಮಿಷದ ದಾರಿ. ಮೆಟ್ಟಿಲು ಹತ್ತಿ ಹೋದಾಗ ಮಗಳು ಟೇಬಲ್ಲಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ಸೋಮವಾರ ಪರೀಕ್ಷೆ. ಹದಿನೈದು ವರ್ಷ. ಯಾವ ಮಾತಿಗೂ ಎದುರು ಮಾತಿಲ್ಲದೆ ಬಿಡುವವಳಲ್ಲವಾದ್ದರಿಂದ ಅವರಪ್ಪ ಅವಳನ್ನು ಲಾಯರಮ್ಮ ಅಂತ ಕರೆಯುವುದು. ಆರು ವರ್ಷದ ಮಗ, ನಮ್ಮ ಬಟಾಣಿ, ನೆಲದ ಮೇಲೆ ಚಪ್ಪಲಿಗಳನ್ನು ಸಾಲಾಗಿಟ್ಟು ರೈಲು ಓಡಿಸುತ್ತಿದ್ದ. ಅವರಪ್ಪನ ಲಾರಿ ಆ ಹೊತ್ತಿಗೆ ಎರಡು ದಿನದ ದಾರಿ ದೂರದಲ್ಲಿತ್ತು.

"ಜ್ಯೂಸ್ ತಂದಿದೀನಿ. ಫ್ರಿಜ್ಜಲ್ಲಿ ಇಡ್ತೀನಿ. ಓದಿ ಸುಸ್ತಾದ್ರೆ ಕುಡಿ."

"ಏನು ಜ್ಯೂಸು?"

"ಕಿತ್ತಳೆ. ತಮ್ಮಂಗೂ ಕೊಡು."

"ಅವನಿಗೆ ಕಿತ್ತಳೆ ಆಗಲ್ಲ, ಗಂಟ್ಲು ಕೆರೆಯುತ್ತೆ ಅಂತಾನೆ."

"ಹಂಗಾದ್ರೆ ಪೂರ್ತಿ ನಿಂದೇ, ಲಾಯರಮ್ಮ. ಕೇಸು ಗೆದ್ದಂಗೆ."

ಅವಳು ಪುಸ್ತಕದಿಂದ ತಲೆ ಎತ್ತದೆ ನಕ್ಕಳು. ನಾನು ಅನ್ನಕ್ಕಿಟ್ಟು, ಬಟಾಣಿಯ ಮೂಗು ಒರೆಸಿ, ಐದಕ್ಕೆ ಹಾಲ್‌ಗೆ ವಾಪಸು ಬಂದು ಏಪ್ರನ್ ಕಟ್ಟಿಕೊಂಡೆ.

ಅಲ್ಲಿ ಮ್ಯಾನೇಜರ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ನನ್ನದೇ ವಯಸ್ಸಿನ ಒಬ್ಬ ಹೆಂಗಸು ನಿಂತಿದ್ದಳು. ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಹೊರಗಿನದು. ಅದನ್ನು ಅವಳು ಇನ್ನೂ ಗಮನಿಸಿರಲಿಲ್ಲ.

"ನನ್ ಮಗಳು ಮದ್ಯ ಮುಟ್ಟೋಳಲ್ಲ ಸರ್. ಜ್ಯೂಸು ಕುಡಿದಿದ್ದು. ಅದೂ ನಾಲ್ಕು ಗುಟುಕು. ಉಪ್ಪುಪ್ಪಾಗಿದೆ ಅಂತ ಬಿಟ್ಲಂತೆ. ಆಮೇಲೆ ಕಾಲು ನಿಂತಿಲ್ಲ. ಅವಳ ಸಾಹೇಬ ಕಾರಿಗೆ ಹತ್ತಿಸಿಬಿಟ್ಟಿದ್ದ. ಜೊತೆಗಾತಿ ನೋಡಿ ಓಡಿ ಬಂದು ಬಾಗಿಲು ಬಡಿದು ಇಳಿಸ್ಕೊಂಡಳು. ಅವಳು ನೋಡ್ದೇ ಇದ್ದಿದ್ರೆ…" ಹೆಂಗಸು ಮೇಜಿನ ಹತ್ತಿರ ಬಂದಳು. "ಆಸ್ಪತ್ರೇಲಿದಾಳೆ. ಯಾರೋ ಏನೋ ಬೆರೆಸಿರ್ಬೇಕು, ಆ ಲೋಟ ಸಿಕ್ರೆ ತಗೊಂಡ್ ಬನ್ನಿ ಅಂದ್ರು ಡಾಕ್ಟ್ರು. ಕಂಪನಿಯವರು ಅವಳು ಕುಡಿದಿದ್ಲು ಅಂತ ಈಗಾಗ್ಲೇ ಬರೆದಿಟ್ಟಿದಾರೆ. ಆ ಲೋಟ ಕೊಡಿ ಸರ್."

ಮ್ಯಾನೇಜರು ಕೈ ಚೆಲ್ಲಿದರು. "ಅಮ್ಮಾ, ನಮ್ಮಲ್ಲಿ ಲೋಟ ಐದು ನಿಮಿಷ ಟೇಬಲ್ ಮೇಲೆ ಇರಲ್ಲ. ಅದೇ ನಮ್ಮ ಹೆಸರು. ಎಲ್ಲಾ ತೊಳೆದಾಯ್ತು." ಬಾಗಿಲಲ್ಲಿದ್ದ ನನ್ನನ್ನು ನೋಡಿ, "ಹೌದೇನಮ್ಮ?" ಅಂದರು.

"ಹೌದು ಸರ್, ತೊಳೆದಾಯ್ತು" ಅಂದೆ.

"ಕಂಬದ ಪಕ್ಕ ಕೂತಿದ್ಲಂತೆ" ಎಂದು ಆ ಹೆಂಗಸು ನನ್ನ ಕಡೆ ತಿರುಗಿದಳು. "ಕಿತ್ತಳೆ. ಸ್ಟ್ರಾ ಹಾಕ್ಕೊಂಡು ಕುಡಿದಿದ್ದು. ಅವಳಿಗೆ ಹಲ್ಲಿಗೆ ತಂತಿ ಕಟ್ಟಿದಾರೆ, ಲೋಟಕ್ಕೆ ಬಾಯಿ ಇಡಲ್ಲ."

ಸ್ಟ್ರಾ.

ಟ್ರೇಯಲ್ಲಿ, ಬದಿಯ ತಟ್ಟೆಯಲ್ಲಿ, ತುದಿ ಜಜ್ಜಿದ ಒಂದು ಸ್ಟ್ರಾ ಬಿದ್ದಿತ್ತು. ನಾನೇ ಎರಡು ಬೆರಳಲ್ಲಿ ಎತ್ತಿ ಕಸಕ್ಕೆ ಹಾಕಿದ್ದೆ.

ತೊಳೆಯುವ ಕೋಣೆಗೆ ಬಂದೆ. ಲೋಟದ ಸ್ಟ್ಯಾಂಡನ್ನು ಹಿಡಿದೆ. ಸ್ಟ್ಯಾಂಡಿನ ಕೆಳಗೆ ನೀರು ಹೀರಲೆಂದು ನಾವು ದಪ್ಪ ಕಾಗದ ಹಾಸಿರುತ್ತೇವೆ. ಪೊಲೀಸಿನವರು ಗೋಡೆಗೆ ಅಂಟಿಸಿ ಅಂತ ಕೊಟ್ಟುಹೋಗಿದ್ದ ಪೋಸ್ಟರುಗಳು ಅವು. ಅತಿಥಿಗಳಿಗೆ ಗಾಬರಿ ಹುಟ್ಟಿಸುತ್ತದೆ ಅಂತ ಮ್ಯಾನೇಜರು ಅಂಟಿಸಲಿಲ್ಲ, ಕಾಗದ ಚೆನ್ನಾಗಿದೆ ಅಂತ ನಾನೇ ಕೇಳಿ ತಂದಿದ್ದೆ. ನಾಲ್ಕು ತಿಂಗಳಿಂದ ಅದರ ಮೇಲೆ ಲೋಟ ಬೋರಲು ಹಾಕುತ್ತಿದ್ದೇನೆ. ಈಗ ಲೋಟಗಳ ನಡುವೆ ಕಂಡಷ್ಟನ್ನು ಓದಿದೆ: "ಅನುಮಾನ ಬಂದರೆ ಪಾನೀಯ ಚೆಲ್ಲಬೇಡಿ. ಲೋಟ ತೊಳೆಯಬೇಡಿ. ಕೂಡಲೇ ಕರೆ ಮಾಡಿ." ಅದರ ಕೆಳಗಿನ ನಂಬರು ನೀರಿಗೆ ಕದಡಿಹೋಗಿತ್ತು.

ಮನೆಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಓದುವಾಗ ಅವಳು ಫೋನನ್ನು ಸೈಲೆಂಟಿನಲ್ಲಿ ಇಡುತ್ತಾಳೆ. ಇಡು ಎಂದು ಹೇಳಿದವಳು ನಾನೇ. ಮೂರನೇ ಸಲ ರಿಂಗಾಗುತ್ತಿರುವಾಗ ನಾನು ಆಗಲೇ ಗೇಟಿನ ಹೊರಗಿದ್ದೆ, ಏಪ್ರನ್ ಕೂಡ ಬಿಚ್ಚಿರಲಿಲ್ಲ. ಹಿಂದಿನಿಂದ ಉದ್ದಣ್ಣ "ಅಕ್ಕಾ, ಏನಾಯ್ತು? ಪಾಳಿ ಶುರುವಾಯ್ತು!" ಎಂದು ಕೂಗುತ್ತಿದ್ದ.

ಹತ್ತು ನಿಮಿಷದ ದಾರಿ ಅಂತ ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಓಡಿದರೂ ಅದು ಮುಗಿಯಲಿಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ಅಡ್ಡ ನಿಂತಿತ್ತು. ಬೆವರಿದ ಕೈಯಿಂದ ಫೋನು ಎರಡು ಸಲ ಜಾರಿತು. ಓಡುತ್ತಲೇ ಮನಸ್ಸಿನಲ್ಲಿ ಸುಳ್ಳು ಸಮಾಧಾನ ಕಟ್ಟುತ್ತಿದ್ದೆ. ಕುಡಿದಿರಲಿಕ್ಕಿಲ್ಲ. ಅವಳಿಗೆ ಓದುವಾಗ ಏನೂ ಬೇಡ. ಫ್ರಿಜ್ಜಿನಲ್ಲಿ ಹಾಗೇ ಇರುತ್ತದೆ, ಸಿಂಕಿಗೆ ಸುರಿದುಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಹೌದು, ಸುರಿದುಬಿಡುತ್ತೇನೆ ಅಂತಲೇ ಅಂದುಕೊಂಡಿದ್ದೆ. ಆ ಹೆಂಗಸಿನ ಚಪ್ಪಲಿಗಳನ್ನು ಕಂಡು ಇನ್ನೂ ಐದು ನಿಮಿಷ ಆಗಿರಲಿಲ್ಲ.

ಬಾಗಿಲು ತೆರೆದವನು ಬಟಾಣಿ. ಬಾಯಿಯ ಮೇಲೆ ಬೆರಳಿಟ್ಟು, "ಶ್! ಅಕ್ಕ ಮಲಗವ್ಳೆ" ಅಂದ.

ಪುಸ್ತಕದ ಮೇಲೆ ಕೆನ್ನೆ ಒತ್ತಿ ಬಿದ್ದಿದ್ದಳು. ಒಂದು ತೋಳು ಟೇಬಲ್ಲಿನಿಂದ ಜೋತುಬಿದ್ದಿತ್ತು. ಪಕ್ಕದಲ್ಲಿ ಸ್ಟೀಲಿನ ಲೋಟ ಖಾಲಿ.

"ಎಷ್ಟ್ ಕುಡಿದ್ಲೋ? ನೀನೂ ಕುಡಿದ್ಯಾ? ನಿಜ ಹೇಳು!"

"ನಾನಿಲ್ಲಪ್ಪ. ಅಕ್ಕ ಒಂದೇ ಸಲ ಗಟಗಟ ಅಂತ ಕುಡಿದ್ಲು. ಆಮೇಲೆ ಥೂ, ಉಪ್ಪು ಅಂದ್ಲು. ಆಮೇಲೆ ನನ್ ರೈಲು ಎರಡೆರಡು ಕಾಣ್ತದೆ ಅಂದ್ಲು. ನಗ್ತಿದ್ಲು." ನನ್ನ ಮುಖ ನೋಡಿ ಅವನ ದನಿ ಸಣ್ಣಗಾಯಿತು. "ನಾನೇನೂ ಮಾಡಿಲ್ಲಮ್ಮ."

ಭುಜ ಅಲುಗಾಡಿಸಿದೆ. ಹೆಸರು ಹಿಡಿದು ಕೂಗಿದೆ. ಕಣ್ಣು ಅರ್ಧ ತೆರೆದವು, ಬೆಳ್ಳಗೆ ತೇಲಿ ಮುಚ್ಚಿಕೊಂಡವು. "ಬಿಡಮ್ಮ" ಅನ್ನಬೇಕೆಂದಿದ್ದಳೇನೋ, ನಾಲಗೆ ಹೊರಳಲಿಲ್ಲ. ಉಸಿರು ನಿಧಾನವಾಗಿತ್ತು. ಒಂದು ಉಸಿರು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯುವಷ್ಟು ನಿಧಾನ.

ಕೆಳಮನೆಯವರ ಮಗ ಶಾಲೆಯ ವ್ಯಾನ್ ಓಡಿಸುತ್ತಾನೆ. ಅವನೇ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ನಾನು ಫ್ರಿಜ್ಜಿನಿಂದ ಬಾಟಲಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತೋರಿಸಲಿಕ್ಕೋ, ದಾರಿಯಲ್ಲಿ ಎಸೆಯಲಿಕ್ಕೋ. ವ್ಯಾನಿನ ಕಿಟಕಿ ತೆರೆದೇ ಇತ್ತು.

ತುರ್ತು ವಿಭಾಗದಲ್ಲಿ ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ಬೆರಳಿಗೆ ಒಂದು ಕ್ಲಿಪ್ಪು, ಮೂಗಿಗೆ ಕೊಳವೆ. ಡಾಕ್ಟರು ಚಿಕ್ಕ ವಯಸ್ಸಿನವರು. ಅವರ ಕಣ್ಣ ಕೆಳಗೂ ನನ್ನ ಕಣ್ಣ ಕೆಳಗಿರುವಂಥದೇ ಕಪ್ಪು. ಮಗಳ ಕಣ್ಣಿಗೆ ಟಾರ್ಚು ಬಿಡುತ್ತಲೇ ಕೇಳಿದರು:

"ಏನು ತಗೊಂಡ್ಲು?"

"ಜ್ಯೂಸು."

"ಎಲ್ಲಿಯದು?"

"ಅಂಗಡಿದು" ಅಂದೆ. ಹನ್ನೊಂದು ವರ್ಷ ಹೇಳಿ ಹೇಳಿ ಅಭ್ಯಾಸವಾಗಿದ್ದ ಮಾತು, ತಾನೇ ಹೊರಗೆ ಬಂತು.

"ಯಾವ ಅಂಗಡಿ? ಪ್ಯಾಕೆಟ್ಟಾ, ಬಾಟ್ಲಾ? ಸೀಲ್ ಇತ್ತಾ?"

ನಾನು ಚೀಲದ ಬಾಯಿ ಬಿಗಿಹಿಡಿದೆ. ಡಾಕ್ಟರು ನರ್ಸಿನ ಮುಖ ನೋಡಿದರು. ನರ್ಸು ಹಿರಿಯಾಕೆ, ಕೈ ಚುರುಕು, ಬಾಯಿಯೂ ಚುರುಕು.

"ಅಮ್ಮಾ, ಮುಚ್ಚಿಡಬೇಡಿ. ಮನೇಲಿ ನೀವು ಇರ್ತೀರಾ? ಇಲ್ಲ ಅಲ್ವಾ? ಈ ವಯಸ್ಸು ಹಾಗೇ. ಫ್ರೆಂಡ್ಸು ಬಂದಿದ್ರಾ? ಹುಡುಗರು? ಮಾತ್ರೆ ಗೀತ್ರೆ ಏನಾದ್ರೂ ಸಿಕ್ತಾ ಅವಳ ಬ್ಯಾಗಲ್ಲಿ?"

"ಅಂಥಾ ಹುಡುಗಿ ಅಲ್ಲ ಅವಳು!"

"ಎಲ್ಲಾ ಅಮ್ಮಂದಿರೂ ಹಂಗೇ ಅಂತಾರೆ" ಅಂದಳು ನರ್ಸು, ಕೆಟ್ಟದಾಗಲ್ಲ, ದಿನಾ ಹೇಳುವ ಮಾತಿನಂತೆ. ಹಾಳೆಯ ಮೇಲೆ ಏನೋ ಗೀಚಿದಳು. ಬಗ್ಗಿ ಓದಿದೆ: "ಸ್ವತಃ ಸೇವಿಸಿರುವ ಶಂಕೆ."

ಇಡೀ ಮಧ್ಯಾಹ್ನ ಪುಸ್ತಕದ ಮುಂದೆ ಕೂತಿದ್ದ ಹುಡುಗಿ. ನಾನು ಕೊಟ್ಟದ್ದನ್ನು ಕುಡಿದವಳು. ಹಾಳೆಯ ಮೇಲೆ ಈಗ ಅವಳೇ ತಪ್ಪಿತಸ್ಥೆ. ಬಾಯಿ ಬಿಟ್ಟು ಹೇಳಲು ಅವಳಿಗೆ ಎಚ್ಚರವೂ ಇಲ್ಲ. ಬಿಟ್ಟಿ ಸಿಕ್ಕರೆ ಹಾಗೇ ಅಂತ ಇನ್ನೊಬ್ಬರ ಮಗಳನ್ನು ನೋಡದೆಯೇ ನಾನು ನಕ್ಕಿದ್ದೆನಲ್ಲ, ಅದೇ ನಗು ಇಲ್ಲಿ ಕಾಗದಕ್ಕೆ ಇಳಿಯುತ್ತಿತ್ತು.

ಅವಳ ಬೆರಳಿನ ಕ್ಲಿಪ್ಪಿಗೆ ಜೋಡಿಸಿದ್ದ ಯಂತ್ರ ಕಿರ್ರೆಂದು ಕೂಗಿತು. ಡಾಕ್ಟರು ಅವಳ ಗಲ್ಲ ಎತ್ತಿ ಹಿಡಿದರು. ನನ್ನನ್ನು ನೋಡದೆ, ತಗ್ಗಿದ ದನಿಯಲ್ಲಿ ಅಂದರು: "ಅಮ್ಮಾ, ಏನು ಅಂತ ಗೊತ್ತಾದ್ರೆ ನನಗೆ ದಾರಿ ಸಿಗುತ್ತೆ. ಇಲ್ದಿದ್ರೆ ಕತ್ತಲಲ್ಲಿ ತಡಕಾಡ್ಬೇಕು. ನೀವು ಹೇಳಿದ್ರೆ ನಿಮಗೆ ಏನಾಗುತ್ತೋ ನಂಗೊತ್ತಿಲ್ಲ. ಹೇಳದೇ ಇದ್ರೆ ಇವಳಿಗೆ ಏನಾಗ್ಬಹುದು ಅಂತ ಗೊತ್ತು."

ಚೀಲ ತೆರೆದು ಬಾಟಲಿ ಅವರ ಮುಂದಿಟ್ಟೆ.

"ಪಾರ್ಟಿ ಹಾಲ್‌ದು. ಬೇರೆಯವರು ಬಿಟ್ಟು ಹೋಗಿದ್ದು. ನಾನೇ ತಂದಿದ್ದು, ಕದ್ದು. ಅಲ್ಲಿ ಇದನ್ನೇ ಕುಡಿದ ಒಂದು ಹುಡುಗಿ ಮಧ್ಯಾಹ್ನ ಬಿದ್ದಿದಾಳೆ. ಅವಳೂ ಆಸ್ಪತ್ರೇಲಿದಾಳೆ. ಅವಳ ಲೋಟದ್ದು ಇದರಲ್ಲಿದೆ."

ಡಾಕ್ಟರ ಟಾರ್ಚು ನಿಂತಿತು. "ಕೊರಿಯರ್ ಕಂಪನಿ ಹುಡುಗೀನಾ? ಹಲ್ಲಿಗೆ ತಂತಿ?" ಎಂದರು. "ಮೇಲಿನ ಮಹಡಿಯಲ್ಲೇ ಇದಾಳೆ."

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಮೇಲಿನಿಂದ ಆ ಹುಡುಗಿಯ ಕಾಗದ ತರಿಸಿದರು. ಅವಳಿಗೆ ಕೊಟ್ಟ ಔಷಧಿಯಲ್ಲಿ ಯಾವುದು ಹಿಡಿದಿತ್ತು ಎಂದು ನೋಡಿ ಇವಳಿಗೂ ಸೂಜಿ ಹಾಕಿದರು. ರಕ್ತ ತೆಗೆದರು, ಮೂತ್ರ ತೆಗೆದರು, ಶೀಶೆಯ ಮೇಲೆ ಗಂಟೆ ನಿಮಿಷ ಬರೆದು ಅಂಟಿಸಿದರು. ನರ್ಸು ತಾನು ಬರೆದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದಳು. ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಟಾಣಿಯನ್ನು ತನ್ನ ಕುರ್ಚಿಯಲ್ಲಿ ಕೂರಿಸಿ ಬಿಸ್ಕತ್ತು ಕೊಟ್ಟಳು. ಅವನು ತಿನ್ನಲಿಲ್ಲ, ಹಿಡಿದುಕೊಂಡು ಕೂತ.

ಏಳು ಗಂಟೆಗೆ ಇನ್‌ಸ್ಪೆಕ್ಟರು ಬಂದರು. ಹೆಂಗಸು, ಗಿಡ್ಡ ಕೂದಲು, ನೆಗಡಿಯಿಂದ ಮೂಗು ಕೆಂಪಾಗಿತ್ತು. ಬಾಟಲಿಯನ್ನು ಕೈಗವಸು ಹಾಕಿ ಎತ್ತಿ ಪಾರದರ್ಶಕ ಚೀಲದಲ್ಲಿಟ್ಟರು, ಬಾಯಿ ಮುಚ್ಚಿ ಮೊಹರು ಹಾಕಿದರು. ಕಾರಿಡಾರಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

"ನನ್ನ ಮೇಲೂ ಕೇಸಾಗುತ್ತಾ ಮೇಡಂ?"

"ಉಳಿದ ಜ್ಯೂಸು ಮನೆಗೆ ಒಯ್ದವರನ್ನೆಲ್ಲಾ ಹಿಡಿತಾ ಕೂತ್ರೆ ನಮ್ಮ ಸ್ಟೇಷನ್ನಲ್ಲೇ ಅರ್ಧ ಜನ ಒಳಗಿರ್ತಾರೆ." ಮೂಗು ಒರೆಸಿಕೊಂಡರು. "ಅದು ನಿಮ್ಮ ಮಾಲೀಕರಿಗೂ ನಿಮಗೂ ಬಿಟ್ಟಿದ್ದು. ಅದರಲ್ಲಿ ನಾನು ನಿಮಗೆ ಸಹಾಯ ಮಾಡೋಕಾಗಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ."

"ಈ ಬಾಟಲಿ ಸಾಕಾ? ಆ ಹುಡುಗಿಗೆ?"

"ಇದೊಂದೇ ಆದ್ರೆ ಸಾಲಲ್ಲ. ಮೂರು ಲೋಟ ಬೆರೆತಿದೆ, ನಿಮ್ಮ ಚೀಲ, ನಿಮ್ಮ ಫ್ರಿಜ್ಜು ಎಲ್ಲಾ ಸುತ್ತಿ ಬಂದಿದೆ. ಆ ಕಡೆ ವಕೀಲರು ಹರಿದು ಹಾಕ್ತಾರೆ. ಆದ್ರೆ ಮೇಲಿರೋ ಹುಡುಗಿ ಮೈಯಲ್ಲಿ ಸಿಕ್ಕಿದ್ದೇ ನಿಮ್ಮ ಮಗಳ ಮೈಯಲ್ಲೂ ಸಿಕ್ರೆ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತೇ ಇಲ್ಲ, ಒಂದೇ ಲೋಟ ಅಂತ ನೀವು ಹೇಳ್ತೀರಿ. ಆಗ ಅವಳು ಕುಡಿದು ತೂರಾಡಿದ್ಲು ಅನ್ನೋ ಮಾತು ನಿಲ್ಲಲ್ಲ." ಅವರು ಮತ್ತೆ ಮೂಗು ಒರೆಸಿಕೊಂಡರು. "ಒಬ್ಬರ ಲೋಟಕ್ಕೆ ಅವರಿಗೆ ಗೊತ್ತಿಲ್ದಂಗೆ ಏನಾದ್ರೂ ಹಾಕಿದ್ರೆ, ಹಾಕಿದ್ದೇ ಅಪರಾಧ. ಆಮೇಲೆ ಏನಾಯ್ತು ಏನಾಗ್ಲಿಲ್ಲ ಅನ್ನೋದು ಬೇರೆ. ಕಾನೂನು ಅಷ್ಟು ಸ್ಪಷ್ಟವಾಗಿದೆ. ಆದ್ರೆ ನಮ್ಮ ಹತ್ರ ಬರೋರು ಎರಡು ದಿನ ಬಿಟ್ಟು ಬರ್ತಾರೆ. ನಾನೇ ಜಾಸ್ತಿ ಕುಡಿದ್ನೇನೋ ಅಂತ ತಮ್ಮನ್ನೇ ಬೈಕೊಂಡು, ಮಲಗಿ ಎದ್ದು ಬರ್ತಾರೆ. ಅಷ್ಟರಲ್ಲಿ ಮೈಯಲ್ಲಿ ಏನೂ ಇರಲ್ಲ, ಲೋಟಾನೂ ಇರಲ್ಲ."

"ನಿಮ್ಮ ಪೋಸ್ಟರು…" ಎಂದು ಶುರು ಮಾಡಿದೆ.

"ಓದಿದ್ರಾ?" ಎಂದರು, ಮುಖ ಒಂಚೂರು ಅರಳಿ.

ಓದಿದ್ದು ಇವತ್ತು, ಲೋಟಗಳ ಸಂದಿಯಲ್ಲಿ ಎಂದು ಹೇಳಲು ನಾಚಿಕೆಯಾಗಿ ತಲೆಯಾಡಿಸಿದೆ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮ್ಯಾನೇಜರು.

"ನೀನು ಓಡಿದ್ದು ನೋಡಿ ಉದ್ದಣ್ಣ ನಿಮ್ಮನೆ ಹತ್ರ ವಿಚಾರಿಸ್ಕೊಂಡು ಬಂದ, ನಿನ್ ಬಾಟಲಿ ವಿಷಯನೂ ಹೇಳಿದ. ಮಗಳು ಹೆಂಗಿದಾಳಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದುವರಿಸಿದರು. "ನೋಡು, ನಿನಗೆ ಕೆಟ್ಟದಾಗ್ಲಿ ಅಂತ ನಂಗಿಲ್ಲ. ಪೊಲೀಸ್ ಕೇಳಿದ್ರೆ ಮನೇಲೇ ಮಾಡಿದ ಜ್ಯೂಸು ಅನ್ನು. ಹಾಲ್ ಹೆಸರು ಎಳೀಬೇಡ. ನಮ್ಮ ಟೇಬಲ್ಲಲ್ಲಿ ಹಿಂಗಾಯ್ತು ಅಂದ್ರೆ ನಾಳೆ ಯಾರು ಬುಕ್ ಮಾಡ್ತಾರೆ? ಇಪ್ಪತ್ತೆರಡು ಜನರ ಹೊಟ್ಟೆ ಇದೆ ಇಲ್ಲಿ. ಸೋಮವಾರ ಬಾ, ಏನೂ ಆಗಿಲ್ಲ ಅನ್ನೋ ಹಾಗೆ ನಿನ್ ಕೆಲಸ ನಿಂಗಿರುತ್ತೆ. ಕೇಳಿಸ್ತಾ?"

ಕೇಳಿಸಿತು. ಬೆಂಚಿನ ಮೇಲೆ ಪಕ್ಕದಲ್ಲಿದ್ದವರಿಗೂ ಕೇಳಿಸಿತು, ಮ್ಯಾನೇಜರ ದನಿಯೇ ಹಾಗೆ. ಇನ್‌ಸ್ಪೆಕ್ಟರು ಎದುರು ಗೋಡೆಯನ್ನು ನೋಡುತ್ತಿದ್ದರು. ಹೇಳು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಬಾಡಿಗೆ, ಶಾಲೆ, ಬಟಾಣಿಯ ಬೂಟು ಎಲ್ಲವೂ ಒಟ್ಟಿಗೆ ನೆನಪಾದವು. ಇಪ್ಪತ್ತೆರಡು ಜನರಲ್ಲಿ ಉದ್ದಣ್ಣನ ಮೂರು ಮಕ್ಕಳ ಹೊಟ್ಟೆಯೂ ಇದೆ. ಮ್ಯಾನೇಜರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಗ ಮೆಟ್ಟಿಲಿಳಿದು ಆ ಹೆಂಗಸು ಬಂದಳು, ಕಾಲಲ್ಲಿ ಇನ್ನೂ ಅದೇ ಎರಡು ಬಗೆಯ ಚಪ್ಪಲಿ. ನಾನು ಯಾರೆಂದು ಅವಳಿಗೆ ಹೇಳಿದ್ದರೆಂದು ಕಾಣುತ್ತದೆ. ಬೈಯುತ್ತಾಳೆ ಅಂದುಕೊಂಡೆ. ಲೋಟ ತೊಳೆದಾಯ್ತು ಎಂದು ಅವಳ ಮುಖಕ್ಕೇ ಹೇಳಿದವಳು ನಾನು. ಅವಳು ಮೂರು ಮೆಟ್ಟಿಲು ಮೇಲೆಯೇ ನಿಂತು, "ನಿಮ್ಮ ಮಗಳು ಕಣ್ಣು ಬಿಟ್ಲಾ?" ಎಂದಳು.

"ಇನ್ನೂ ಇಲ್ಲ."

"ನಮ್ಮವಳು ಬಿಡೋಕೆ ಮೂರು ಗಂಟೆ ಹಿಡೀತು. ಬಿಡ್ತಾಳೆ" ಎಂದು ಹೇಳಿ, ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಫೋನಿನಲ್ಲಿ ಮ್ಯಾನೇಜರು "ಹಲೋ, ಹಲೋ" ಅನ್ನುತ್ತಿದ್ದರು.

"ಸರ್, ಇನ್‌ಸ್ಪೆಕ್ಟರು ಇಲ್ಲೇ ಇದಾರೆ. ನಾನು ಆಗ್ಲೇ ಹೇಳಿಬಿಟ್ಟೆ" ಅಂದೆ. ಅದು ಅಷ್ಟರಮಟ್ಟಿಗೆ ಸುಳ್ಳು. ಡಾಕ್ಟರಿಗೆ ಹೇಳಿದ್ದೆ, ಹೇಳಿಕೆಯ ಕಾಗದದ ಮೇಲೆ ಇನ್ನೂ ಒಂದಕ್ಷರವೂ ಬಿದ್ದಿರಲಿಲ್ಲ. ಮ್ಯಾನೇಜರು "ಏಪ್ರನ್ ವಾಪಸ್ ಕಳಿಸಿಬಿಡು" ಎಂದು ಫೋನಿಟ್ಟರು.

ಏಪ್ರನ್ ಇನ್ನೂ ನನ್ನ ಮೈಮೇಲೇ ಇತ್ತು. ಇನ್‌ಸ್ಪೆಕ್ಟರು ಪ್ಯಾಡು ತೆರೆದು ಪೆನ್ನಿನ ಮುಚ್ಚಳ ತೆಗೆದರು. "ಮೊದಲಿಂದ ಹೇಳಿ. ಅವಸರ ಇಲ್ಲ." ನಾನು ಹೇಳಿದೆ. ಮೂರು ಲೋಟ, ಬೆರಳಗಲ ಕಡಿಮೆ ಇದ್ದ ಒಂದು, ಜಜ್ಜಿದ ಸ್ಟ್ರಾ, ಉದ್ದಣ್ಣನ ಟ್ರೇ, ಮೂರು ಗಂಟೆ ಬಡಿಯುವ ಮೊದಲೇ ತೊಳೆದಿದ್ದು. ನಿಯಮಕ್ಕೆ ವಿರುದ್ಧವಾಗಿ ಮನೆಗೆ ಒಯ್ದಿದ್ದೇನೆ ಎನ್ನುವ ಸಾಲನ್ನು ಅವರು ಓದಿ ಹೇಳಿ, "ಇದು ಹೀಗೇ ಇರಲಾ?" ಎಂದು ಕೇಳಿದರು. ಇರಲಿ ಅಂದೆ. ಕೆಳಗೆ ಸಹಿ ಹಾಕಿದೆ.

ಎಂಟು ಗಂಟೆಗೆ ಡಾಕ್ಟರು ಪರದೆ ಸರಿಸಿ ಕರೆದರು.

ಮಗಳು ಕಣ್ಣು ಬಿಟ್ಟಿದ್ದಳು. ಕಣ್ಣು ಇತ್ತು, ನೋಟ ಇನ್ನೂ ಪೂರ್ತಿ ಬಂದಿರಲಿಲ್ಲ. ನನ್ನನ್ನು ಹುಡುಕಿ ಹಿಡಿಯಲು ಹೊತ್ತಾಯಿತು. ಬಟಾಣಿ ಮಂಚದ ಅಂಚಿಗೆ ಗಲ್ಲ ಇಟ್ಟು, "ಅಕ್ಕಾ, ಈಗ ನಾನು ಎಷ್ಟು ಕಾಣ್ತೀನಿ?" ಅಂದ.

"ಒಂದೂವರೆ" ಅಂದಳು. ಲಾಯರಮ್ಮನೇ. ನಾನು ಅವಳ ಹೊದಿಕೆ ಎಳೆದು ಸರಿಮಾಡಿದೆ.

ಏನಾಯಿತು ಎಂದು ಕೇಳಿದಳು. ಹೇಳಿದೆ. ಬೇರೆಯವರ ಲೋಟದ್ದು ಎಂಬುದನ್ನೂ, ಇಷ್ಟು ವರ್ಷವೂ ಅಂಗಡಿಯದಲ್ಲ ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ಗೋಡೆ ನೋಡಿದೆ.

"ನಂಗೊತ್ತಿತ್ತಮ್ಮ" ಅಂದಳು. ನಾಲಗೆ ಇನ್ನೂ ದಪ್ಪವಾಗಿತ್ತು. "ನೀನು ಅನಾನಸ್ಸು ಅಂತ ಕೊಡ್ತಿದ್ದೆ, ಅದ್ರಲ್ಲಿ ದ್ರಾಕ್ಷಿನೂ ಇರ್ತಿತ್ತು. ಯಾವ ಅಂಗಡೀಲಿ ಹಂಗೆ ಮಾರ್ತಾರೆ?"

"ಮತ್ತೆ ಯಾಕೆ ಕುಡೀತಿದ್ದೆ?"

"ನೀನು ತಂದಿದ್ದು ಅಂತ" ಎಂದು ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿನ ಮೇಲೆ ಬಾಯಿ ಒಣಗುತ್ತಿದೆ ಅಂದಳು. ನರ್ಸು ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟು, "ನಿಧಾನವಾಗಿ, ಒಂದೊಂದೇ ಗುಟುಕು" ಎಂದು ಹೋದಳು. ಮಗಳನ್ನು ಎತ್ತಿ ದಿಂಬಿಗೆ ಒರಗಿಸಿ ಲೋಟವನ್ನು ತುಟಿಯ ಬಳಿ ಹಿಡಿದೆ.

ಅವಳು ಬಾಯಿ ತೆರೆಯಲಿಲ್ಲ. ಲೋಟ ನೋಡಿದಳು, ನರ್ಸು ಹೋದ ಬಾಗಿಲು ನೋಡಿದಳು, ನನ್ನನ್ನು ನೋಡಿದಳು.

"ನೀರು ಕಣೇ. ಬರೀ ನೀರು."

"ಗೊತ್ತು."

ನಾನೇ ಮೊದಲು ಒಂದು ಗುಟುಕು ಕುಡಿದೆ. ಅವಳು ನೋಡುತ್ತಿದ್ದಳು. ಇನ್ನೊಂದು ಗುಟುಕು ಕುಡಿದೆ. ಆಮೇಲೆ ಲೋಟವನ್ನು ಅವಳ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಾಯಾರಿಕೆಯಿಂದ ಗಂಟಲು ಏರಿಳಿಯುವುದು ನನಗೆ ಕಾಣುತ್ತಿತ್ತು.

"ಸ್ವಲ್ಪ ಹೊತ್ತು ಇರು" ಅಂದಳು. "ನಿಂಗೆ ಏನೂ ಆಗಲ್ವಾ ಅಂತ ನೋಡೋಣ."

ನಾನು ಅವಳ ಎದುರು, ಬೆಳಕು ಮುಖದ ಮೇಲೆ ಬೀಳುವಂತೆ, ಸ್ಟೂಲ್ ಎಳೆದುಕೊಂಡು ಕೂತೆ.